ಶಿವಮೊಗ್ಗದ ಕ್ಯಾನ್ಸರ್ ಡೇ ಕೇರ್: ಡಾಕ್ಟರಿಗೆ ಐದು ಸ್ಟಾರ್, ಕೌಂಟರಿಗೆ ಎರಡು

ದೊಡ್ಡಪ್ಪನಿಗೆ ಬಾಯಿ ಕ್ಯಾನ್ಸರ್. ತೀರ್ಥಹಳ್ಳಿ ಕಡೆಯವರು, ಎಲೆ ಅಡಿಕೆ, ಹೊಗೆಸೊಪ್ಪು ದಿನಾ ಬೇಕು. ಆಪರೇಷನ್ ಆದಮೇಲೆ ಮತ್ತೆ ಬಂತು, ಹಾಗಾಗಿ ಇಲ್ಲಿ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ಜೊತೆ ಹೋರಾಡಿಸುವ ಚಿಕಿತ್ಸೆ, ಶುರು ಮಾಡಿಸಿದೆವು. ದೂರೂ ಇರುವುದರಿಂದ ಸೆಂಟರ್ ಹೆಸರು ಹಾಕುತ್ತಿಲ್ಲ.

"ಪಕ್ಕದೂರಿನವರಿಗೆ ಇದೇ ಇಂಜೆಕ್ಷನ್‌ನಲ್ಲಿ ಗಡ್ಡೆ ಕರಗಿತಂತೆ, ಇವರಿಗೂ ಆಗುತ್ತೆ ಅಲ್ವಾ ಡಾಕ್ಟ್ರೇ?" ಎಂದು ದೊಡ್ಡಮ್ಮ ಕೇಳಿದರು. ಸುಮ್ನೆ ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಡಾಕ್ಟರ್ ಅನ್ನಲಿಲ್ಲ. ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು: ರೋಗದ ಜೊತೆ ಹೋರಾಡುವ ಟಿ ಕೋಶದ ಮೇಲೆ ಪಿಡಿ-1 ಅಂತ ಒಂದು ಬ್ರೇಕ್ ಇದೆ, ಕ್ಯಾನ್ಸರ್ ಕೋಶ ತನ್ನ ಮೇಲಿರುವ ಪಿಡಿ-ಎಲ್1 ಅನ್ನುವ ಪ್ರೋಟೀನ್‌ನಿಂದ ಅದನ್ನು ಒತ್ತಿ ಹಿಡಿಯುತ್ತದೆ, ಈ ಇಂಜೆಕ್ಷನ್, ಅಂದರೆ ನಿವೊಲುಮ್ಯಾಬ್, ಆ ಹಿಡಿತ ಬಿಡಿಸುತ್ತದೆ, ಆದರೆ ಗಡ್ಡೆಯೊಳಗೆ ಟಿ ಕೋಶಗಳೇ ಹೊಕ್ಕಿಲ್ಲ ಅಂದರೆ ಬ್ರೇಕ್ ಬಿಡಿಸಿ ಏನು ಉಪಯೋಗ? ಗಡ್ಡೆಯ ಜೀನ್‌ಗಳು ಎಷ್ಟು ಬದಲಾಗಿವೆ, ಕರುಳಿನ ಬ್ಯಾಕ್ಟೀರಿಯಾ ಹೇಗಿವೆ, ಇವೂ ಲೆಕ್ಕಕ್ಕೆ ಬರುತ್ತವಂತೆ. ಪಿಡಿ-ಎಲ್1 ಜಾಸ್ತಿ ಇದ್ದರೂ ಕೆಲವರಿಗೆ ಔಷಧಿ ಹತ್ತುವುದಿಲ್ಲ, ಕಡಿಮೆ ಇದ್ದವರಿಗೆ ಹತ್ತಿದ್ದೂ ಇದೆ. ದೊಡ್ಡಮ್ಮನಿಗೆ ಬೇಜಾರಾಯಿತು, ಆದರೆ ನಂಬಿಕೆ ಬಂದಿದ್ದೂ ಆಗಲೇ.

ದುಡ್ಡಿನ ಮಾತೂ ನೇರ. ಮುಂಬೈಯ ಟಾಟಾ ಮೆಮೋರಿಯಲ್‌ನವರು ತಲೆ-ಕುತ್ತಿಗೆ ಕ್ಯಾನ್ಸರ್ (ಬಾಯಿ ಕ್ಯಾನ್ಸರೂ ಇದರಲ್ಲೇ ಬರುತ್ತದೆ) ಇದ್ದವರಿಗೆ ಕ್ಯಾನ್ಸರ್ ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಕೊಟ್ಟು ನೋಡಿದ್ದಾರೆ. ಮಾಮೂಲಿ ಡೋಸ್ ಎರಡು ವಾರಕ್ಕೊಮ್ಮೆ 240. ಬರೀ ಮಾತ್ರೆ ತಗೊಂಡವರಲ್ಲಿ ಒಂದು ವರ್ಷ ದಾಟಿದವರು ಶೇ. 16.3, ಇದನ್ನೂ ತಗೊಂಡವರಲ್ಲಿ ಶೇ. 43.4. ನಮ್ಮಂಥವರ ಕೈಗೆ ಎಟುಕುವುದು ಇದೇ. ಆದರೂ ಅರ್ಧಕ್ಕಿಂತ ಜಾಸ್ತಿ ಜನ ವರ್ಷ ದಾಟಲಿಲ್ಲ ಅಲ್ವಾ? ಯಾರಿಗೆ ಹತ್ತುತ್ತೆ, ಯಾರಿಗೆ ಇಲ್ಲ ಅಂತ ಮೊದಲೇ ಗೊತ್ತಾಗಬೇಕು. ಎಲೆ ಅಡಿಕೆ ಹಾಕುವ ನಮ್ಮ ಮಲೆನಾಡಿನವರ ಗಡ್ಡೆಗಳ ಮೇಲೂ ಆ ಸಂಶೋಧನೆ ಆಗಬೇಕು ಅಂತ ನನ್ನ ಆಸೆ.

ನರ್ಸ್‌ಗಳು ಒಳ್ಳೆಯವರು, ನರ ಸಿಗದಿದ್ದಾಗಲೂ ಸಿಡುಕುವುದಿಲ್ಲ.

ಈಗ ದೂರು. ಪಿಡಿ-ಎಲ್1 ಟೆಸ್ಟ್‌ಗೆ ಬಯಾಪ್ಸಿ ಬ್ಲಾಕ್ (ಗಡ್ಡೆಯ ತುಣುಕನ್ನು ಮೇಣದಲ್ಲಿ ಕೂರಿಸಿಟ್ಟದ್ದು) ಬೆಂಗಳೂರಿಗೆ ಹೋಗಬೇಕು ಅಂತ ಕೌಂಟರಿನವರು ಮೊದಲೇ ಹೇಳಲಿಲ್ಲ. ಆಪರೇಷನ್ ಆದ ಆಸ್ಪತ್ರೆಯಿಂದ ಬ್ಲಾಕ್ ಬಿಡಿಸಿಕೊಳ್ಳುವಷ್ಟರಲ್ಲಿ ಸಾಕುಸಾಕಾಯಿತು. ಅಡ್ಡಪರಿಣಾಮದ ಹಾಳೆ ಬರೀ ಇಂಗ್ಲಿಷ್‌ನಲ್ಲಿದೆ. ಬೇಧಿ, ದಮ್ಮು, ವಿಪರೀತ ಸುಸ್ತು ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಫೋನ್ ಮಾಡಿ ಅನ್ನುವುದು ದೊಡ್ಡಮ್ಮನಿಗೆ ಕನ್ನಡದಲ್ಲಿ ಬೇಕು. ಆ ಹಾಳೆಯಲ್ಲಿರುವ ನಂಬರ್ ರಾತ್ರಿ ಯಾರೂ ಎತ್ತುವುದಿಲ್ಲ, ಇದನ್ನು ಮೊದಲು ಸರಿಮಾಡಿ.

ಹೋಗುವವರು ಬ್ಲಾಕ್, ಹಳೆ ರಿಪೋರ್ಟ್, ಈಚೆಗೆ ತಗೊಂಡ ಆಂಟಿಬಯೋಟಿಕ್ ಚೀಟಿ ಎಲ್ಲಾ ಜೊತೆಗಿಟ್ಟುಕೊಳ್ಳಿ. ಡಾಕ್ಟರ್ ಕೇಳೇ ಕೇಳುತ್ತಾರೆ.