ಸಿಬಿಟಿಯೋ, ಸಮಗ್ರ ಆಪ್ತಸಮಾಲೋಚನೆಯೋ?

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದಿಕೊಳ್ಳಲು ನೆರವಾಗುವ ಮಾತುಕತೆಯ ಚಿಕಿತ್ಸೆ) ನಿರ್ದಿಷ್ಟ ತೊಂದರೆಯೊಂದನ್ನು ಹಿಡಿದು, ಹೆಚ್ಚಾಗಿ 6ರಿಂದ 20 ಭೇಟಿಗಳಲ್ಲಿ ಮುಗಿಯುತ್ತದೆ. ಲಿಫ್ಟ್ ಎಂದರೆ ಎದೆ ನಡುಗುವವರು ಆಗ ಬರುವ ಯೋಚನೆಯನ್ನೂ ಅದಕ್ಕಿರುವ ಆಧಾರವನ್ನೂ ಹಾಳೆಯಲ್ಲಿ ಬರೆದು, ಮೊದಲು ಒಂದು ಮಹಡಿ, ಆಮೇಲೆ ಎರಡು ಎಂದು ಅಭ್ಯಾಸ ಮಾಡುತ್ತಾರೆ. ಇಂಥ ಭಯಕ್ಕೂ ಗೀಳಿಗೂ ನಾನು ಸಿಬಿಟಿಯನ್ನೇ ಮೊದಲು ಸೂಚಿಸುತ್ತೇನೆ. ಅದರ ಪರವಾದ ಪುರಾವೆ ಗಟ್ಟಿಯಾಗಿದೆ.

ಆದರೆ ಗಂಡನನ್ನು ಕಳೆದುಕೊಂಡ ಮೇಲೆ ನಿದ್ದೆಗೇಡು, ಮೈಕೈ ನೋವು, ಅತ್ತೆಮನೆಯವರೊಂದಿಗಿನ ಬಿಗುವು, ದೇವರ ಮೇಲಿನ ಮುನಿಸು ಎಲ್ಲವೂ ಒಟ್ಟಿಗೇ ಬಂದೆರಗಿದ ಮಹಿಳೆಯ ಸಂಕಟವನ್ನು ಬಿಡಿಬಿಡಿಯಾಗಿ ನೋಡಲಾಗದು. ಸಮಗ್ರ ವಿಧಾನದ ಸಮಾಲೋಚಕರು ಊಟ, ನಿದ್ದೆ, ದುಡ್ಡಿನ ಚಿಂತೆ, ನಂಬಿಕೆ ಎಲ್ಲವನ್ನೂ ಕೇಳಿ, ಅಗತ್ಯವಿದ್ದರೆ ಥೈರಾಯ್ಡ್ ಪರೀಕ್ಷೆಗೂ ಕಳಿಸಿ, ಅವರು ಮತ್ತೆ ತಮ್ಮ ಕಾಲ ಮೇಲೆ ನಿಲ್ಲುವವರೆಗೆ ಜೊತೆಗಿರುತ್ತಾರೆ. ಇದಕ್ಕೆ ಸಮಯವೂ ಹಣವೂ ಹೆಚ್ಚು ಬೇಕು, ಪ್ರಗತಿಯನ್ನು ಅಳೆಯುವುದೂ ಕಷ್ಟ. ಆದರೂ ಇಂಥವರಿಗೆ ಇದೇ ಸರಿಯಾದ ಆಯ್ಕೆ ಎಂಬುದು ನನ್ನ ಅಭಿಪ್ರಾಯ.

‘ಸಮಗ್ರ’ ಎಂಬ ಫಲಕವನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದಾದ್ದರಿಂದ ಅವರ ಓದು, ತರಬೇತಿಯನ್ನು ಸಂಕೋಚವಿಲ್ಲದೆ ಕೇಳಿ. ಮನೋವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಎನ್ನುವವರ ಬಳಿ ಮತ್ತೆ ಹೋಗಬೇಡಿ. ಸಾಯುವ ಯೋಚನೆ ಬರುತ್ತಿದ್ದರೆ ಈ ಆಯ್ಕೆಯ ಗೊಂದಲವನ್ನೆಲ್ಲ ಬದಿಗಿಟ್ಟು, ಹಗಲಿರುಳೂ ಕನ್ನಡದಲ್ಲಿ ಉಚಿತವಾಗಿ ಸಿಗುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕೂಡಲೇ ಕರೆ ಮಾಡಿ.