ಒಂದೇ ಚೆರಿ ಮರಕ್ಕೆ ಜಾಗ ಇದ್ದರೆ ಲ್ಯಾಪಿನ್ಸ್

ತೋಟಕ್ಕೆ ಸಿಹಿ ಚೆರಿ ಹುಡುಕುವವರು ಮೊದಲು ಕೇಳುವುದು ಯಾವ ತಳಿ ಜಾಸ್ತಿ ಸಿಹಿ ಎಂದು. ಆ ಪ್ರಶ್ನೆಯನ್ನು ಸ್ವಲ್ಪ ಹಿಂದಕ್ಕೆ ಇಡಿ ಎನ್ನುತ್ತೇನೆ. ಮರದ ಮೇಲೆಯೇ ಪೂರ್ತಿ ಹಣ್ಣಾಗಲು ಬಿಟ್ಟರೆ ಒಳ್ಳೆಯ ತಳಿಗಳೆಲ್ಲ ಸಿಹಿಯೇ. ಮೊದಲು ನೋಡಬೇಕಾದದ್ದು ಬೇರೆ. ಹೂವು ಕಾಯಿ ಕಟ್ಟುತ್ತದೆಯೇ? ಹಣ್ಣಾಗುವ ಹೊತ್ತಿಗೆ ಮಳೆ ಬಂದರೆ ಸಿಪ್ಪೆ ಒಡೆಯದೆ ನಿಲ್ಲುತ್ತದೆಯೇ? ಇವೆರಡನ್ನೂ ಇಟ್ಟುಕೊಂಡು ತೂಗಿದರೆ, ಒಂದೇ ಮರ ಸಾಕು ಎನ್ನುವವರಿಗೆ ನಾನು ಹೇಳುವ ಹೆಸರು ಲ್ಯಾಪಿನ್ಸ್.

ಸಿಹಿ ಚೆರಿಯ ಹಳೆಯ ತಳಿಗಳಲ್ಲಿ ಹೆಚ್ಚಿನವು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಬಿಂಗ್ ಮರ ಒಂಟಿಯಾಗಿದ್ದರೆ ಮೈತುಂಬಾ ಹೂ ಬಿಡುತ್ತದೆ, ಹೂವೆಲ್ಲ ಉದುರಿ ಬರೀ ಎಲೆ ಉಳಿಯುತ್ತದೆ. ಪಕ್ಕದಲ್ಲಿ ಸುಮ್ನೆ ಇನ್ನೊಂದು ಚೆರಿ ನೆಟ್ಟರೂ ಆಗಲಿಲ್ಲ. ಬಿಂಗ್, ಲ್ಯಾಂಬರ್ಟ್, ನೆಪೋಲಿಯನ್ ಮೂರೂ ಒಂದೇ ಗುಂಪಿನವು. ಯಾವ ಪರಾಗವನ್ನು ಒಪ್ಪಬೇಕೆಂದು ತೀರ್ಮಾನಿಸುವ ಎಸ್3, ಎಸ್4 ಎಂಬ ಒಂದೇ ಜೋಡಿ ಜೀನುಗಳು ಮೂರರಲ್ಲೂ ಇವೆ. ಹಾಗಾಗಿ ಒಂದರ ಪರಾಗ ಇನ್ನೊಂದರ ಹೂವಿನಲ್ಲಿ ಕಾಯಿ ಕಟ್ಟಿಸುವುದಿಲ್ಲ. ಹೆಸರು ಬೇರೆ, ಬಣ್ಣ ಬೇರೆ, ಆದರೂ ಜೋಡಿಯಾಗುವುದಿಲ್ಲ. ಬಿಂಗ್ ಪಕ್ಕ ವ್ಯಾನ್ ಎಂಬ ತಳಿ ಇದ್ದರೆ ಕೆಲಸ ಆಗುತ್ತದೆ. ಅದೂ ಎರಡೂ ಒಟ್ಟಿಗೆ ಹೂ ಬಿಟ್ಟು, ಆ ದಿನಗಳಲ್ಲಿ ಜೇನು ಹಾರಾಡಿದರೆ ಮಾತ್ರ.

ಈ ತೊಡಕು ಬಿಡಿಸಿದ ಕಥೆ ನನಗೆ ತುಂಬಾ ಇಷ್ಟ. ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆಯಲ್ಲಿ ಪರಾಗಕ್ಕೆ ಎಕ್ಸ್-ರೇ ಹಾಯಿಸಿ, ತನ್ನ ಹೂವಿಗೆ ತಾನೇ ಕಾಯಿ ಕಟ್ಟಿಸಬಲ್ಲ ಸಸಿಗಳನ್ನು ಪಡೆದರು. ಅಂಥ ಒಂದು ಸಸಿಯನ್ನು ಲ್ಯಾಂಬರ್ಟ್ ಜೊತೆ ಸೇರಿಸಿ ಕೆನಡಾದ ಸಮ್ಮರ್‌ಲ್ಯಾಂಡ್ ಸಂಶೋಧನಾ ಕೇಂದ್ರದವರು 1968ರಲ್ಲಿ ಸ್ಟೆಲ್ಲಾ ತಳಿಯನ್ನು ಹೊರತಂದರು. ಮುಂದೆ ವ್ಯಾನ್ ಮತ್ತು ಸ್ಟೆಲ್ಲಾ ಸೇರಿ ಹುಟ್ಟಿದ್ದೇ ಲ್ಯಾಪಿನ್ಸ್. ಅಲ್ಲೇ ತಳಿ ಅಭಿವೃದ್ಧಿ ಮಾಡುತ್ತಿದ್ದ ಕಾರ್ಲಿಸ್ ಲ್ಯಾಪಿನ್ಸ್ ಅವರ ಹೆಸರನ್ನು ಅದಕ್ಕೆ ಇಟ್ಟರು. ಇದಕ್ಕೆ ಜೊತೆ ಮರ ಬೇಡ. ಅಷ್ಟೇ ಅಲ್ಲ, ಹೂ ಬಿಡುವ ಕಾಲ ಹೊಂದಿದರೆ ಬೇರೆ ಸಿಹಿ ಚೆರಿಗಳಿಗೂ ಇದರ ಪರಾಗ ಒದಗುತ್ತದೆ.

ಹಣ್ಣು ದೊಡ್ಡದು, ಗಟ್ಟಿ, ಕಡುಗೆಂಪು. ಬಿಂಗ್ ಮುಗಿಯುತ್ತಾ ಬಂದ ಮೇಲೆ ಇದು ಹಣ್ಣಾಗುತ್ತದೆ. ರುಚಿಯಲ್ಲಿ ಬಿಂಗ್ ಒಂದು ಕೈ ಮೇಲೆ, ಅದನ್ನು ಒಪ್ಪುತ್ತೇನೆ. ಬಿಂಗ್‌ನ ಆ ದಟ್ಟ ಸವಿ ಲ್ಯಾಪಿನ್ಸ್‌ನಲ್ಲಿ ಇಲ್ಲ. ಆದರೆ ಇದನ್ನು ಬೇಗ ಕಿತ್ತು ತಿಂದು ಸಪ್ಪೆ ಎನ್ನುವವರೇ ಜಾಸ್ತಿ. ಕೆಂಪಾದ ತಕ್ಷಣ ಇದು ಹಣ್ಣಾಗಿರುವುದಿಲ್ಲ. ಬಣ್ಣ ಇನ್ನೂ ಗಾಢವಾಗುವವರೆಗೆ ಮರದಲ್ಲೇ ಬಿಡಬೇಕು. ಕಿತ್ತ ಮೇಲೆ ಚೆರಿ ಮಾವಿನಂತೆ ಮಾಗುವುದಿಲ್ಲ. ಕಿತ್ತಾಗ ಎಷ್ಟು ಸಿಹಿ ಇತ್ತೋ ಅಷ್ಟೇ. ಕೀಳುವಾಗ ತೊಟ್ಟು ಸಮೇತ ಕೀಳಿ, ತೊಟ್ಟು ಕಳಚಿದ ಹಣ್ಣು ಬೇಗ ಕೆಡುತ್ತದೆ.

ಮಳೆಯ ವಿಷಯ. ಹಣ್ಣಾಗುತ್ತಿರುವ ಚೆರಿಯ ಮೇಲೆ ನೀರು ನಿಂತರೆ ಸಿಪ್ಪೆಯ ಮೂಲಕ ಒಳಗಿಳಿಯುತ್ತದೆ. ಬೇರಿನಿಂದಲೂ ನೀರು ಏರುತ್ತದೆ. ಒಳಗಿನ ತಿರುಳು ಉಬ್ಬಿ ಸಿಪ್ಪೆ ಬಿರಿಯುತ್ತದೆ. ತೊಟ್ಟಿನ ಬುಡದ ಕುಳಿಯಲ್ಲೇ ನೀರು ನಿಲ್ಲುವುದರಿಂದ ಅನೇಕ ಹಣ್ಣು ಅಲ್ಲಿಂದಲೇ ಒಡೆಯುತ್ತದೆ. ಬಿಂಗ್ ಇದಕ್ಕೆ ಬೇಗ ಸೋಲುತ್ತದೆ. ಲ್ಯಾಪಿನ್ಸ್ ಅದಕ್ಕಿಂತ ಚೆನ್ನಾಗಿ ತಡೆಯುತ್ತದೆ, ಆದರೆ ದಿನಗಟ್ಟಲೆ ಸುರಿದರೆ ಇದೂ ಒಡೆಯುತ್ತದೆ. ಕೊಯ್ಲಿನ ಹೊತ್ತಿಗೆ ಮಳೆ ಖಾತ್ರಿ ಎನ್ನುವ ಕಡೆ ಜರ್ಮನಿಯ ರೆಜಿನಾ ಇದಕ್ಕಿಂತ ಒಳ್ಳೆಯ ಆಯ್ಕೆ. ರೆಜಿನಾ ತಡವಾಗಿ ಹೂ ಬಿಡುತ್ತದೆ, ಹಾಗಾಗಿ ತಡವಾಗಿ ಬೀಳುವ ಹಿಮದಿಂದಲೂ ಪಾರಾಗುವ ಸಾಧ್ಯತೆ ಹೆಚ್ಚು. ಲ್ಯಾಪಿನ್ಸ್ ಬೇಗ ಹೂ ಬಿಡುವ ಕಡೆಗೇ ವಾಲುತ್ತದೆ. ಅರಳಿದ ಹೂವಿಗೆ ಶೂನ್ಯಕ್ಕಿಂತ ಕೆಳಗೆ ಎರಡು ಡಿಗ್ರಿ ತಲುಪಿದರೂ ಏಟು ಬೀಳಲು ಶುರು, ನಾಲ್ಕಕ್ಕೆ ಹೋದರೆ ಬಹುಪಾಲು ಹೋಯಿತು. ತಗ್ಗಿನಲ್ಲಿ ತಣ್ಣನೆ ಗಾಳಿ ತಂಗುವ ಜಾಗವಿದ್ದರೆ ಇದನ್ನು ಯೋಚಿಸಲೇಬೇಕು. ಆದರೆ ರೆಜಿನಾ ಒಂಟಿಯಾಗಿ ಕಾಯಿ ಕಟ್ಟುವುದಿಲ್ಲ, ಕೊರ್ಡಿಯಾದಂಥ ಜೊತೆ ಬೇಕು. ಎರಡು ಮರಕ್ಕೆ ಜಾಗವಿದ್ದರೆ ಆ ಜೋಡಿಯನ್ನು ನಾನು ಖುಷಿಯಿಂದ ಹೇಳುತ್ತೇನೆ.

ಲ್ಯಾಪಿನ್ಸ್ ಮರದ ಮೇಲೆ ನನಗಿರುವ ದೂರು ಎರಡು. ಒಂದು, ಅದು ನೆಟ್ಟಗೆ ಮೇಲಕ್ಕೇ ಹೋಗುತ್ತದೆ. ಎಳೆಯ ಕೊಂಬೆಗಳನ್ನು ಹೊರಕ್ಕೆ ಬಾಗಿಸಿ ಕಟ್ಟದಿದ್ದರೆ ಹಣ್ಣೆಲ್ಲ ಕೈಗೆ ಸಿಗದ ಎತ್ತರದಲ್ಲಿ. ಎರಡು, ಕಾಯಿ ವಿಪರೀತ ಕಚ್ಚುತ್ತದೆ. ಗಿಡ್ಡ ಬೇರಿನ, ಅಂದರೆ ಮರವನ್ನು ಚಿಕ್ಕದಾಗಿಡುವ ಬೇರುಗಿಡದ, ಮೇಲೆ ಕಸಿ ಮಾಡಿದ್ದರಂತೂ ಇನ್ನೂ ಜಾಸ್ತಿ. ಪ್ರತಿ ಹಣ್ಣಿಗೂ ಸಾಕಷ್ಟು ಎಲೆ ಇಲ್ಲದಿದ್ದರೆ ಹಣ್ಣು ಸಣ್ಣದಾಗಿ, ಪೇಲವವಾಗಿ ಉಳಿಯುತ್ತದೆ. ಕೊಂಬೆ ಸವರಿ ಭಾರ ಇಳಿಸುವುದು ಇಲ್ಲಿ ಐಚ್ಛಿಕವಲ್ಲ. ಸವರುವ ಕೆಲಸ ಒಣ ಹವೆಯಲ್ಲಿ ಮಾಡಿ. ಒದ್ದೆ ಕಾಲದಲ್ಲಿ ಮಾಡಿದ ಗಾಯದಿಂದ ಬ್ಯಾಕ್ಟೀರಿಯಾ ಒಳಹೊಕ್ಕು ಕೊಂಬೆ ಅಂಟು ಸುರಿಸಿ ಒಣಗುತ್ತದೆ.

ಉಳಿದವುಗಳ ಬಗ್ಗೆ ಚುಟುಕಾಗಿ. ಸ್ಟೆಲ್ಲಾ ಒಳ್ಳೆಯ ಮರ, ಆದರೆ ಹಣ್ಣು ಲ್ಯಾಪಿನ್ಸ್‌ಗಿಂತ ಮೆತ್ತಗೆ. ಸ್ವೀಟ್‌ಹಾರ್ಟ್ ಕೂಡ ಒಂಟಿಯಾಗಿ ಕಾಯಿ ಕಟ್ಟುತ್ತದೆ, ಇನ್ನೂ ತಡವಾಗಿ ಬರುತ್ತದೆ, ಬೂದಿ ರೋಗಕ್ಕೆ ಬೇಗ ತುತ್ತಾಗುತ್ತದೆ. ಹಳದಿ ಮೈಗೆ ಕೆಂಪು ಸವರಿದಂತಿರುವ ರೇನಿಯರ್ ತಿನ್ನಲು ಅದ್ಭುತ, ಸ್ವಲ್ಪ ಉಜ್ಜಿದರೂ ಕಂದು ಕಲೆ ಬೀಳುತ್ತದೆ, ಅದಕ್ಕೂ ಜೊತೆ ಬೇಕು. ಚಳಿ ಕಡಿಮೆ ಇರುವ ಕಡೆ ಈ ಪಟ್ಟಿಯ ಹೆಚ್ಚಿನವು ಸರಿಯಾಗಿ ಚಿಗುರುವುದೂ ಇಲ್ಲ. ಅಲ್ಲಿ ಮಿನ್ನಿ ರಾಯಲ್ ಮತ್ತು ರಾಯಲ್ ಲೀ ಎಂಬ ಜೋಡಿಯನ್ನು ನೋಡಿ. ಅವಕ್ಕೆ ಚಳಿ ಕಡಿಮೆ ಸಾಕು, ಆದರೆ ಒಂದಕ್ಕೊಂದು ಬೇಕೇ ಬೇಕು.

ಕೊಳ್ಳುವಾಗ ಚೀಟಿಯಲ್ಲಿ ತಳಿಯ ಹೆಸರಿನ ಜೊತೆ ಅದನ್ನು ಕಸಿ ಮಾಡಿದ ಬೇರಿನ ಹೆಸರೂ ಇರಲಿ. ಇಲ್ಲದಿದ್ದರೆ ಕೇಳಿ, ಉತ್ತರ ಬರದಿದ್ದರೆ ಆ ಗಿಡ ಬೇಡ. ಮ್ಯಾಜ಼ರ್ಡ್ ಬೇರಾದರೆ ಮರ ದೊಡ್ಡದಾಗುತ್ತದೆ, ಹಣ್ಣಿಗೆ ವರ್ಷಗಟ್ಟಲೆ ಕಾಯಬೇಕು. ಗಿಸೆಲಾ 5 ಬೇರಾದರೆ ಮರ ಹೆಚ್ಚುಕಡಿಮೆ ಅದರ ಅರ್ಧಕ್ಕೆ ನಿಲ್ಲುತ್ತದೆ, ಬೇಗ ಫಲ ಕೊಡುತ್ತದೆ, ಹಕ್ಕಿಗಳಿಂದ ಕಾಯಲು ಬಲೆ ಹೊದಿಸುವುದೂ ಸುಲಭ. ಬದಲಿಗೆ ಒಳ್ಳೆಯ ಮಣ್ಣು, ತಪ್ಪದ ನೀರು ಕೇಳುತ್ತದೆ. ನೆಡುವಾಗ ಕಸಿಯ ಗಂಟು ಮಣ್ಣಿನ ಮೇಲೇ ಇರಬೇಕು. ಅದನ್ನು ಹೂತುಬಿಟ್ಟರೆ ಮೇಲಿನ ತಳಿಯೇ ಬೇರು ಬಿಟ್ಟು ದೊಡ್ಡ ಮರವಾಗಬಹುದು, ಗಿಡ್ಡ ಬೇರಿಗೆಂದು ಕೊಟ್ಟ ಹಣ ದಂಡ.