ಬಾರಿನ ಮಹಡಿ ಮೇಲೆ ಓಪನ್ ಮೈಕ್: ಆರು ಬುಧವಾರದ ಅನುಭವ

ರಾಜಾಜಿನಗರದ ಕಡೆ ಒಂದು ಬಾರ್ ಆಂಡ್ ರೆಸ್ಟೋರೆಂಟ್. ಹೆಸರು ಬೇಡ, ಓನರ್ ಹತ್ತಿರ ನನಗಿನ್ನೂ ಕೆಲಸ ಇದೆ. ಕೆಳಗೆ ಬಾರು, ಮೇಲೆ 'ಫ್ಯಾಮಿಲಿ ಸೆಕ್ಷನ್' ಅಂತ ಬೋರ್ಡು. ಬುಧವಾರ ಸಂಜೆ ಅಲ್ಲಿ ಯಾವ ಫ್ಯಾಮಿಲಿಯೂ ಇರುವುದಿಲ್ಲ, ಫ್ಯಾನ್ ಮಾತ್ರ ಸುಮ್ನೆ ತಿರುಗುತ್ತಿರುತ್ತದೆ. ಇಂದಿರಾನಗರ, ಕೋರಮಂಗಲದಲ್ಲಿ ಇಂಗ್ಲಿಷ್, ಹಿಂದಿ ಓಪನ್ ಮೈಕ್‌ಗೆ (ಯಾರು ಬೇಕಾದರೂ ಹೆಸರು ಕೊಟ್ಟು ಮೈಕ್ ಹಿಡಿಯುವ ಕಾರ್ಯಕ್ರಮ) ಬರವಿಲ್ಲ. ನಮ್ಮ ಕಡೆ ಕನ್ನಡದಲ್ಲಿ ನಾಲ್ಕು ಜೋಕು ಹೇಳೋಕೆ, ಒಂದು ಪದ್ಯ ಓದೋಕೆ ಜಾಗ ಹುಡುಕಿಕೊಂಡು ಹೊರಟವನಿಗೆ ಸಿಕ್ಕಿದ್ದು ಇದು.

ಬಾಡಿಗೆ ಇಲ್ಲ. "ಬಂದವರು ತಿಂದು ಕುಡಿದರೆ ಸಾಕು ಸಾರ್" ಅಂದರು ಓನರ್. ನಾನೂ ಖುಷಿಯಾಗಿ ತಲೆ ಆಡಿಸಿದೆ. ಕವಿಗಳು ಒಂದು ಲೈಮ್ ಸೋಡಾ ಹಿಡಿದುಕೊಂಡು ಎರಡು ಗಂಟೆ ಕೂರುತ್ತಾರೆ ಅನ್ನೋದು ಇಬ್ಬರಿಗೂ ಹೊಳೆದಿರಲಿಲ್ಲ. ಮೂರನೇ ವಾರ ಗಲ್ಲಾದಿಂದ ಕರೆ ಬಂತು. ಕೊನೆಗೆ ಬಾಗಿಲಲ್ಲೇ ತಲೆಗೆ 150 ರೂಪಾಯಿ ತೆಗೆದುಕೊಂಡು ಬಿಲ್ಲಿನಲ್ಲಿ ವಜಾ ಮಾಡುವ ಏರ್ಪಾಡು ಆಯಿತು. ಇದನ್ನು ಮೊದಲ ದಿನವೇ ಮಾತಾಡಿಕೊಳ್ಳಿ, ಮುಖ ಕೆಡುವುದು ತಪ್ಪುತ್ತದೆ.

ಈಗ ಸೌಂಡ್. ಇಲ್ಲೇ ನನ್ನ ಅರ್ಧ ಆಯಸ್ಸು ಹೋಯಿತು. ಅವರ ಕಾರ್ಡ್‌ಲೆಸ್ ಮೈಕ್ ಬರ್ತ್‌ಡೇ ಪಾರ್ಟಿಗೆ ಅಂತ ಇಟ್ಟದ್ದು, ಮೂರನೇ ಆಳು ಬರುವಷ್ಟರಲ್ಲಿ ಬ್ಯಾಟರಿ ಖಾಲಿ. ವೈರ್ ಇರುವ ಶೂರ್ ಎಸ್‌ಎಂ58 ಒಂದನ್ನು ಗೆಳೆಯನಿಂದ ತಂದೆ. ಬಿದ್ದರೂ ಎದ್ದರೂ ಕೆಲಸ ಮಾಡುವ ಮೈಕ್ ಅದು. ಆದರೆ ಸ್ಪೀಕರನ್ನು ಗೋಡೆಗೆ ಹೊಡೆದುಬಿಟ್ಟಿದ್ದಾರೆ, ಮಾತಾಡುವವನ ತಲೆಯ ಹಿಂದೆ. ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೋಗುತ್ತದೆ, ಅಲ್ಲಿಂದ ಮತ್ತೆ ಸ್ಪೀಕರಿಗೆ, ಕುಂಯ್ ಅಂತ ಕಿವಿ ಹರಿಯುತ್ತದೆ. ರ‍್ಯಾಪ್ ಹುಡುಗರು ಸ್ಟೈಲಿಗೆ ಅಂತ ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿದರಂತೂ ಇನ್ನೂ ಜಾಸ್ತಿ. ಸ್ಪೀಕರ್ ಕೀಳೋಕೆ ಓನರ್ ಒಪ್ಪಲಿಲ್ಲ. ಹಾಗಾಗಿ ಮೈಕನ್ನೇ ಸ್ಪೀಕರಿನ ಎದುರಿನಿಂದ ಸರಿಸಿದೆವು, ಅಂದರೆ ವಾಶ್‌ಬೇಸಿನ್ ಪಕ್ಕಕ್ಕೆ!

ನಾಲ್ಕನೇ ವಾರ ಒಬ್ಬ ಹುಡುಗಿ ಮೊದಲ ಸಲ ಪದ್ಯ ಓದುತ್ತಿದ್ದಳು, ಹಾಳೆ ಹಿಡಿದ ಕೈ ನಡುಗುತ್ತಿತ್ತು. ಚಿಲ್ಲಿ ಚಿಕನ್ ಮುಗಿಸಿದ ಅಂಕಲ್ ಒಬ್ಬರು ಎದ್ದು ಬಂದು ಅವಳ ಮಗ್ಗುಲಲ್ಲೇ ನಲ್ಲಿ ತಿರುಗಿಸಿದರು. ಅವಳು ಓದೋದು ನಿಲ್ಲಿಸಿದಳು. ಅಂಕಲ್ ಗಾಬರಿಯಾಗಿ ನಲ್ಲಿ ನಿಲ್ಲಿಸಿ, "ಓದಮ್ಮಾ, ನಾನು ಕೇಳ್ತಾ ಇದೀನಿ" ಅಂದರು. ಆಮೇಲೆ ಪದ್ಯ ಮುಗಿಯುವ ತನಕ ಸೋಪು ಮೆತ್ತಿದ ಕೈಯನ್ನು ಬೇಸಿನ್ ಮೇಲೆ ಹಿಡಿದುಕೊಂಡೇ ನಿಂತಿದ್ದರು.

ಇಂಥ ಕಡೆ ಜನ ಕೆಟ್ಟವರಲ್ಲ, ಅವರಿಗೆ ಯಾರೂ ಮೊದಲೇ ಹೇಳಿರುವುದಿಲ್ಲ ಅಷ್ಟೇ. ಟೇಬಲ್ ಟೇಬಲಿಗೂ ಹೋಗಿ "ಅಣ್ಣ, ಏಳು ಗಂಟೆಯಿಂದ ಸ್ವಲ್ಪ ಕಾರ್ಯಕ್ರಮ ಇದೆ" ಅಂತ ಹೇಳಿದ ದಿನ ಗಲಾಟೆ ಕಮ್ಮಿ. ಹೇಳದ ದಿನ, ನಾಲ್ಕನೇ ನಿಮಿಷಕ್ಕೆ ನಾನು ಮೈಕ್ ಹಿಡಿದವನಿಗೆ ಮೊಬೈಲ್ ಟಾರ್ಚ್ ತೋರಿಸಿದರೆ (ಒಬ್ಬರಿಗೆ ಐದು ನಿಮಿಷ, ಇನ್ನೊಂದೇ ಉಳಿದಿದೆ ಅಂತ) ಮೂಲೆ ಟೇಬಲಿನವರು ತಮಗೇ ಏನೋ ಹೇಳುತ್ತಿದ್ದಾನೆ ಅಂತ ವಾಪಸ್ ಟಾರ್ಚ್ ಬಿಟ್ಟರು.

ಅಲ್ಲಿನ ಸಪ್ಲೈಯರ್‌ಗೆ ಮಾತ್ರ ಪೂರ್ತಿ ಮಾರ್ಕ್ಸ್. ಯಾರೂ ಹೇಳಿಕೊಡದೆ, ಒಬ್ಬರು ಮುಗಿಸಿ ಇನ್ನೊಬ್ಬರು ಬರುವ ಗ್ಯಾಪಿನಲ್ಲೇ ಆರ್ಡರ್ ತರುವುದನ್ನು ಕಲಿತರು. ಒಂದು ರಾತ್ರಿ ಬಿಲ್ ಇಡುತ್ತಾ ಮೆಲ್ಲಗೆ, "ಸಾರ್, ಮೂರನೇ ಹುಡುಗ ಹೋದ ವಾರದ್ದನ್ನೇ ಹೇಳಿದ" ಅಂದರು. ನಾನು ಗಮನಿಸಿಯೇ ಇರಲಿಲ್ಲ!

ಕಿಟಕಿಗಳು ಮುಚ್ಚುವುದಿಲ್ಲ, ಹಿಂದೆಯೇ ಮನೆಗಳಿವೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಅನ್ನೋದು 2000ದ ಶಬ್ದ ಮಾಲಿನ್ಯ ನಿಯಮ. ನಾವು 9.30ಕ್ಕೇ ಮೈಕ್ ಸುತ್ತಿಡುತ್ತಿದ್ದೆವು. ಸಿನಿಮಾ ಹಾಡು ಹಾಡಿಸಬೇಕಾದರೆ ಐಪಿಆರ್‌ಎಸ್ (ಹಾಡು ಬರೆದವರ, ಸಂಗೀತ ಕೊಟ್ಟವರ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಲೈಸೆನ್ಸ್ ವಿಷಯ ಬಾರಿನವರ ಹತ್ತಿರ ಮೊದಲೇ ಕೇಳಿ. ಇಲ್ಲಿ ಇರಲಿಲ್ಲ, ಹಾಗಾಗಿ ಕರೋಕೆ ಹಾಡುವ ಆಸೆಯಿಂದ ಬಂದ ಇಬ್ಬರನ್ನು ಕೈಮುಗಿದು ಕೂರಿಸಿದೆ. 21 ಆಗದವರಿಗೆ ಪ್ರವೇಶ ಇಲ್ಲ ಅಂತ ಬಾಗಿಲಲ್ಲೇ ಬೋರ್ಡಿದೆ, ಕಾಲೇಜು ಹುಡುಗರನ್ನು ನಂಬಿಕೊಂಡು ಲಿಸ್ಟ್ ಮಾಡಬೇಡಿ.

ಊಟದಲ್ಲಿ ಕಡ್ಲೆಬೀಜ ಮಸಾಲಾ ಚೆನ್ನಾಗಿದೆ. ಗೋಬಿ ಬೇಡ, ಬರೀ ಮೈದಾ.

ಐದಕ್ಕೆ ಮೂರು ಕೊಡುತ್ತೇನೆ. ಆರ್‌ಸಿಬಿ ಮ್ಯಾಚ್ ಇರುವ ದಿನ ಒಂದೂ ಇಲ್ಲ. ಕೆಳಗಿನ ಟಿವಿ ಮುಂದೆ ಎದ್ದ ಕೂಗಿಗೆ ನಮ್ಮ ಕಾಮಿಡಿಯನ್ ಒಬ್ಬ ತನ್ನ ಜೋಕಿಗೇ ಅಂದುಕೊಂಡು ಥ್ಯಾಂಕ್ಸ್ ಹೇಳಿದ್ದಾನೆ. ಅವತ್ತು ಸಿಕ್ಕ ದೊಡ್ಡ ನಗು ಅದಕ್ಕೇ.